ಅಲಾಸ್ಕಾದ ಗಣಿಗೊಂದು ಒಡ್ಡು

ನಮ್ಮ ಕನ್ನಡ ಕೂಟದಲ್ಲಿ ಚಿತ್ರ ಬರೆಯುವ ಆಂಟಿಯರು ಬಹಳ ಜನ ಇದ್ದಾರೆ. ಅವರು ಬರೆಯುವುದು ಗಣಪತಿ, ಕೃಷ್ಣ, ನವಿಲು. ನಾನು ಬರೆಯುವುದು ಗಣಿ. ಅದೂ ನಮ್ಮ ಕಡೆಯ ಗಣಿಯಲ್ಲ. ವರ್ಷದಲ್ಲಿ ಎಂಟು ತಿಂಗಳು ಹಿಮ ಬೀಳುವ, ಮನುಷ್ಯರಿಗಿಂತ ಕರಡಿಗಳೇ ಹೆಚ್ಚಿರುವ ಉತ್ತರದ ಕಾಡಿನ ನಡುವೆ ಅಗೆದ ಗಣಿ. ಹೊಂಡ, ಲಾರಿ ರಸ್ತೆ, ಕ್ರಷರು, ನೋಡಬಾರದಷ್ಟು ಹಸಿರಾದ ಕೊಳಕು ನೀರಿನ ಕೆರೆ. ಇದನ್ನೆಲ್ಲ ಯಾರಾದರೂ ಗೋಡೆಗೆ ಹಾಕಿಕೊಳ್ಳುತ್ತಾರಾ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: ಇಲ್ಲ.

ಶುರುವಾದದ್ದು ೨೦೨೦ರಲ್ಲಿ. ಕೊರೋನಾ ಬಂದು ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದ ನಮ್ಮ ಆಫೀಸಿಗೆ ಬೀಗ ಬಿತ್ತು. ಸ್ಯಾಂಟಾ ಕ್ಲಾರಿಟಾದ ಮನೆಯಿಂದಲೇ ಕೆಲಸ. ದಿನಾ ಫ್ರೀವೇಯಲ್ಲಿ ಸುರಿಯುತ್ತಿದ್ದ ಮೂರು ಗಂಟೆ ಇದ್ದಕ್ಕಿದ್ದ ಹಾಗೆ ಕೈಗೆ ಬಂತು. ಪಕ್ಕದ ಮನೆಯವರು ಬ್ರೆಡ್ ಮಾಡಿದರು, ನಮ್ಮವರು ಕುಂಡದಲ್ಲಿ ಮೆಂತ್ಯ ಬೆಳೆದರು, ನಾನು ಬಣ್ಣ ತರಿಸಿದೆ. ಚಿಕ್ಕಂದಿನಲ್ಲಿ ಬರೆಯುತ್ತಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಹೊಸಪೇಟೆಯ ಒಂದು ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಕೂಡ ಬಂದಿತ್ತು: ಒಂದು ಸ್ಟೀಲ್ ಟಿಫಿನ್ ಡಬ್ಬಿ. ಆಮೇಲೆ ಇಂಜಿನಿಯರಿಂಗ್, ಆಮೇಲೆ ಮದುವೆ, ಆಮೇಲೆ ವೀಸಾ. ಚಿತ್ರ ಹೋಯಿತು, ಡಬ್ಬಿ ಉಳಿಯಿತು. ಈಗ ಅದರಲ್ಲಿ ಬ್ರಷ್ ಇಡುತ್ತೇನೆ.

ಮೊದಲ ಎರಡು ವರ್ಷ ಎಲ್ಲರ ಹಾಗೆ ಸಮುದ್ರ, ಸೂರ್ಯಾಸ್ತ ಬರೆದೆ. ಅವು ಯಾವ ಡೆಂಟಿಸ್ಟ್ ಆಫೀಸಿನಲ್ಲಾದರೂ ನೇತಾಡಬಹುದಿತ್ತು. ೨೦೨೨ರ ಬೇಸಿಗೆಯಲ್ಲಿ ನಾನು, ನನ್ನ ಗಂಡ, ಮಗಳು ಅಲಾಸ್ಕಾ ಟೂರಿಗೆ ಹೋದೆವು. ಕರಡಿ ತೋರಿಸುತ್ತೇವೆಂದು ಕರೆದುಕೊಂಡು ಹೊರಟ ಬಸ್ಸು ಒಂದು ತಿರುವಿನಲ್ಲಿ ಕೆಟ್ಟು ನಿಂತಿತು. ಕೆಳಗೆ, ಹಿಮ ಹೊತ್ತ ಬೆಟ್ಟಗಳ ನಡುವೆ, ಒಂದು ಚಿನ್ನದ ಗಣಿ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಂಡ, ಥೇಟ್ ಹಂಪಿಯ ಪುಷ್ಕರಣಿ, ಆದರೆ ಇಡೀ ಊರು ಮುಳುಗುವಷ್ಟು ದೊಡ್ಡದು. ಅಂಚಿನ ರಸ್ತೆಯಲ್ಲಿ ಒಂದು ಹಳದಿ ಡಂಪರ್ ಹರಿಯುತ್ತಿತ್ತು. ಬಸ್ಸಿನವರೆಲ್ಲ ಕರಡಿ ಸಿಗಲಿಲ್ಲ ಎಂದು ಗೊಣಗುತ್ತಿದ್ದರು. ನಾನು ಮಾತ್ರ ಮಗಳ ನೋಟ್‌ಬುಕ್ ಕಿತ್ತುಕೊಂಡು ಗೀಚುತ್ತಾ ಕೂತೆ. "ಮಾಮ್, ದಟ್ಸ್ ಎ ಹೋಲ್," ಅಂದಳು ಮಗಳು. ಹೌದು, ಹೊಂಡವೇ. ಊರಿಗೆ ವಾಪಸ್ ಬಂದು ಗ್ಯಾರೇಜಿನ ಕಾರನ್ನು ಹೊರಗೆ ಹಾಕಿ ಅದನ್ನೇ ಬರೆಯಲು ಶುರು ಮಾಡಿದೆ.

ಯಾಕೆ ಎಂದು ಆಗ ನನಗೇ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಸೊಂಡೂರಿನ ಕಡೆಯ ಕಬ್ಬಿಣದ ಅದಿರಿನ ಗಣಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಎಲ್ಲವೂ ಕೆಂಪು. ಒಣಹಾಕಿದ ಬಟ್ಟೆ ಕೆಂಪು, ಕೋಳಿ ಕೆಂಪು, ಮುಚ್ಚಳ ಮರೆತರೆ ಮೊಸರೂ ಕೆಂಪು. ಅಪ್ಪ ಅಲ್ಲಿ ಮೂವತ್ತೊಂದು ವರ್ಷ ಡಂಪರ್ ಓಡಿಸಿದವನು. ಡಂಪರ್ ಎಂದರೆ ಮನೆಯಷ್ಟು ಎತ್ತರದ ಅದಿರಿನ ಲಾರಿ. ಅದರ ಟೈರಿನ ಹಿಂದೆ ನಿಂತರೆ ನಾನು ಕಾಣುತ್ತಲೇ ಇರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಮಾಮನೂ ಡಂಪರ್ ಡ್ರೈವರೇ. ಹೆಲ್ಮೆಟ್ ಹಾಕಿದರೆ ತಲೆ ಬೆವರುತ್ತದೆ ಎಂದು ಸದಾ ಕೆಂಪು ಟವೆಲ್ ಸುತ್ತಿಕೊಳ್ಳುತ್ತಿದ್ದ. ಮಕ್ಕಳಾದ ನಮಗೆ ಅವನು ಟವೆಲ್ ಮಾಮ. ನನ್ನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿ ಹಾರ್ನ್ ಹೊಡೆಯಲು ಬಿಟ್ಟವನು ಅವನೊಬ್ಬನೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗಣಿಯಲ್ಲಿ ಆಕ್ಸಿಡೆಂಟ್ ಆಗಿ ತೀರಿಕೊಂಡ. ಅವರ ಮನೆಯವರು ಕ್ವಾರ್ಟರ್ಸ್ ಬಿಟ್ಟು ಹೋದರು. ಆ ಗಣಿಯನ್ನು ಬರೆಯಲು ಎರಡು ಸಲ ಕೂತಿದ್ದೇನೆ, ಎರಡು ಸಲವೂ ಕೈ ಏಳಲಿಲ್ಲ. ಹಿಮದ ಗಣಿಯಾದರೆ ಸಲೀಸು. ಅದು ಯಾರದೋ ಊರು, ಅಲ್ಲಿ ನನಗೆ ಯಾರ ಗುರುತೂ ಇಲ್ಲ.

೨೦೨೪ರ ಮೇ ತಿಂಗಳಲ್ಲಿ ಅಪ್ಪ ಬಂದ. ಹೊಸಪೇಟೆಯಲ್ಲಿ ತಮ್ಮನ ಮನೆಯಲ್ಲಿರುತ್ತಾನೆ, ಎಪ್ಪತ್ನಾಲ್ಕು ವಯಸ್ಸು, ಇದು ಅವನ ಮೊದಲ ಅಮೆರಿಕ. ಹಾಲಿವುಡ್ ತೋರಿಸಿದೆ, "ಹೂಂ" ಅಂದ. ಸಮುದ್ರ ತೋರಿಸಿದೆ, "ಹೂಂ, ನೀರು" ಅಂದ. ಅವನಿಗೆ ಹಿಡಿಸಿದ್ದು ಒಂದೇ, ನಮ್ಮ ಮನೆಯ ಹಿಂದಿನ ಬೋಳು ಗುಡ್ಡಗಳು. "ಇಷ್ಟು ಗುಡ್ಡ ಸುಮ್ನ ಬಿಟ್ಟಾರಲ್ಲಬೇ, ಯಾರೂ ಅಗದಿಲ್ಲ?" ಎಂದು ವಾಕಿಂಗ್ ಹೋದಾಗೆಲ್ಲ ಕೇಳುತ್ತಿದ್ದ. ಅಗೆಯಲು ಬಿಡಲ್ಲಪ್ಪಾ, ಎಚ್‌ಓಎ ಲೆಟರ್ ಕಳಿಸುತ್ತಾರೆ ಅಂದೆ. ಹುಲ್ಲು ಎರಡಿಂಚು ಜಾಸ್ತಿ ಬೆಳೆದರೂ ಲೆಟರ್ ಕಳಿಸುವ ನಮ್ಮ ಬಡಾವಣೆಯ ಆ ಕಮಿಟಿಯ ಬಗ್ಗೆ ಅಪ್ಪನಿಗೆ ಬಹಳ ಗೌರವ ಹುಟ್ಟಿತು.

ಒಂದು ದಿನ ಅವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ದೊಡ್ಡ ಚಿತ್ರದ ಮುಂದೆ ನಿಲ್ಲಿಸಿದೆ. ನಾಲ್ಕಡಿ ಅಗಲ. ಹಿಂದೆ ಹಿಮದ ಬೆಟ್ಟ, ಕಪ್ಪು ಮರಗಳ ಕಾಡು. ಮುಂದೆ ಗಣಿಯ ಹೊಂಡ. ಹೊಂಡದ ಅಂಚಿಗೆ ಸುತ್ತಿಕೊಂಡು ಇಳಿಯುವ ಬೂದು ರಸ್ತೆ. ರಸ್ತೆಯ ಮೇಲೆ ಒಂದೇ ಒಂದು ಹಳದಿ ಡಂಪರ್. ಇದಕ್ಕೆ ನಾನು ಒಂದೂವರೆ ವರ್ಷ ತೆಗೆದುಕೊಂಡಿದ್ದೆ. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದ. ನಾನು ಕಾದೆ. ಐವತ್ತು ದಾಟಿದ್ದರೂ ಅಪ್ಪನ ಮುಂದೆ ಚಿತ್ರ ಇಟ್ಟು ನಿಂತರೆ ನಾಲ್ಕನೇ ಕ್ಲಾಸೇ.

"ಗಾಡಿ ಲೋಡ್ ಆಗಿ ಏರಾಕತ್ತೈತೋ, ಖಾಲಿ ಆಗಿ ಇಳಿಯಾಕತ್ತೈತೋ?"

ನನಗೆ ಗೊತ್ತಿರಲಿಲ್ಲ. "ನಿಂತೈತಪ್ಪಾ," ಅಂದೆ.

"ಇಳಿಜಾರಿನಾಗ ಯಾರರ ಗಾಡಿ ನಿಂದರಸ್ತಾರೇನು? ಡ್ರೈವರ್ ಎಲ್ಲದಾನ?"

ಡಂಪರಿನ ಗಾಜಿಗೆ ಕಪ್ಪು ಬಳಿದಿದ್ದೆ. "ಒಳಗದಾನ. ಕಾಣಂಗಿಲ್ಲ ಅಷ್ಟ."

"ಕಾಣದಿದ್ರ ಅದಾನ ಅಂತ ಹೆಂಗ ಹೇಳ್ತಿ?"

"ಅಪ್ಪಾ, ಇದು ಚಿತ್ರ!"

"ಹೌದವ್ವ, ಚಿತ್ರನ. ಒಡ್ಡು ಎಲ್ಲೈತಿ?"

ಗಣಿಯ ರಸ್ತೆಗೆ ಹೊಂಡದ ಕಡೆ ಉದ್ದಕ್ಕೂ ಮಣ್ಣು ಕಲ್ಲಿನ ಒಡ್ಡು ಹಾಕಿರುತ್ತಾರೆ. ಮಂಜಿನಲ್ಲಿ ದಾರಿ ತಪ್ಪಿದರೆ, ಬ್ರೇಕ್ ಹಿಡಿಯದಿದ್ದರೆ, ಚಕ್ರ ಅದಕ್ಕೆ ಬಡಿದು ನಿಲ್ಲಬೇಕು. ನಾನು ತೆಗೆದ ಫೋಟೋದಲ್ಲಿ ಅದು ಇತ್ತು. ರಸ್ತೆಗೂ ಹಿಮಕ್ಕೂ ನಡುವೆ ಒಂದು ಮಾಸಲು ಗೆರೆ. ಬಿಳುಪಿನ ಪಕ್ಕ ಅದು ಕೊಳಕಾಗಿ ಕಂಡಿತ್ತು.

"ಚಂದ ಕಾಣಂಗಿಲ್ಲ ಅಂತ ತಗದೆ," ಅಂದೆ.

ಅಪ್ಪ ನನ್ನ ಮುಖ ನೋಡಿದ. ಒಳಗೆ ಹೋಗಿ ಟಿವಿ ಹಚ್ಚಿಕೊಂಡ. ಮಾರನೆಯ ದಿನದಿಂದ ಬೆಳಿಗ್ಗೆ ಕಾಫಿ ಲೋಟ, ಮಡಚುವ ಕುರ್ಚಿ ತೆಗೆದುಕೊಂಡು ಹೋಗಿ ಚಿತ್ರದ ಮುಂದೆ ಕೂರುವುದು ಅವನ ಪದ್ಧತಿಯಾಯಿತು. ನಾನು ಹಿಗ್ಗಿದೆ. ನನ್ನ ಗಂಡನ ಕೆಲಸ ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ. ವಾರವಿಡೀ ಅಲ್ಲೇ ಒಂದು ರೂಮು ಹಿಡಿದು ಇರುತ್ತಾನೆ, ಶನಿವಾರ ಭಾನುವಾರಕ್ಕೆ ಗಂಡನಾಗುತ್ತಾನೆ. ಅವನಿಗೆ ಫೋನ್ ಮಾಡಿ, ಅಪ್ಪನಿಗೆ ನನ್ನ ಚಿತ್ರ ಹಿಡಿಸಿದೆ, ದಿನಾ ನೋಡ್ತಾನೆ ಅಂದೆ. "ಗ್ಯಾರೇಜು ತಂಪಾಗಿರುತ್ತಲ್ಲ ಕಣೇ, ಅದಕ್ಕಿರಬೇಕು," ಅಂದ. ಬೆಂಗಳೂರಿನವರಿಗೆ ಮಾತಾಡಲು ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಇಮೇಲ್ ಬಂತು. ಸ್ಯಾನ್ ಡಿಯಾಗೋದ ಒಂದು ಗ್ಯಾಲರಿಯವರು ಉತ್ತರದ ಕಾಡು ಮತ್ತು ಗಣಿಗಳ ಚಿತ್ರಗಳ ಪ್ರದರ್ಶನ ಮಾಡುತ್ತಿದ್ದರು. ನಾನು ಸುಮ್ಮನೆ ಫೋಟೋ ಕಳಿಸಿ ಅಪ್ಲೈ ಮಾಡಿದ್ದೆ. ಆಯ್ಕೆಯಾಗಿದೆ ಎಂದಿದ್ದರು. ನಾನು ಮತ್ತೆ ತೆರೆದಿದ್ದ ಎಲ್ ಸೆಗುಂಡೋದ ಆಫೀಸಿನಲ್ಲಿ ಒಂದು ಮೀಟಿಂಗಿನ ನಡುವೆ ಇದ್ದೆ, ಕ್ಯಾಮೆರಾ ಆನ್ ಇತ್ತು, ಕಣ್ಣಲ್ಲಿ ನೀರು ದಳದಳ. ಏನಾಯ್ತು ಎಂದು ಕೇಳಿದರು. ಅಲರ್ಜಿ ಅಂದೆ. ನಾಲ್ಕನೇ ಕ್ಲಾಸಿನ ಆ ಡಬ್ಬಿಯ ನಂತರ ನನ್ನ ಚಿತ್ರವನ್ನು ಯಾರಾದರೂ ಬೇಕು ಅಂದದ್ದು ಇದೇ ಮೊದಲು. ಸಂತೋಷ ಎಂದರೆ ಏನೆಂದು ಮರೆತೇ ಹೋಗಿತ್ತು, ಸುಳ್ಳೇಕೆ ಹೇಳಲಿ.

ಫಾರ್ಮಿನಲ್ಲಿ ಎರಡು ಷರತ್ತು ದಪ್ಪ ಅಕ್ಷರದಲ್ಲಿದ್ದವು. ತಂದ ಚಿತ್ರ ಕಳಿಸಿದ ಫೋಟೋದ ಹಾಗೇ ಇರಬೇಕು. ಬಣ್ಣ ಪೂರ್ತಿ ಒಣಗಿರಬೇಕು. ಅಕ್ಟೋಬರ್ ಹನ್ನೆರಡರ ಶನಿವಾರ ಮಧ್ಯಾಹ್ನ ಎರಡರೊಳಗೆ ತಂದುಕೊಡಬೇಕೆಂಬುದು ಬೇರೆ. ನಾನು ಸಹಿ ಹಾಕಿದೆ. ಅಪ್ಪನಿಗೆ ಹೇಳಿದಾಗ, "ಛಲೋ ಆತು. ಒಡ್ಡು ಹಾಕಿ ಕಳಸು," ಅಂದ. ಇನ್ನು ಮುಟ್ಟುವ ಹಾಗಿಲ್ಲಪ್ಪಾ ಎಂದು ಹೇಳಿ ಸಾಕಾಯಿತು.

ಅದರ ಹಿಂದಿನ ದಿನ, ಶುಕ್ರವಾರ, ಆಯುಧಪೂಜೆ. ಗಣಿಯ ಕ್ವಾರ್ಟರ್ಸಿನಲ್ಲಿ ನಮಗೆ ದೀಪಾವಳಿಗಿಂತ ಅದೇ ದೊಡ್ಡ ಹಬ್ಬ. ಅಲ್ಲಿ ಡಂಪರಿಗೆ ಬಾಳೆಕಂಬ ಕಟ್ಟಿ, ಚಂಡುಹೂವಿನ ಹಾರ ಹಾಕಿ, ಗಾಜಿಗೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದಿಷ್ಟು ಮುಂದೆ ಹರಿಸುತ್ತಿದ್ದರು. ಪೂಜೆ ಆಗದ ಗಾಡಿ ಹತ್ತಲು ಯಾವ ಡ್ರೈವರೂ ಒಪ್ಪುತ್ತಿರಲಿಲ್ಲ. ಇಲ್ಲಿ ಅಪ್ಪನ ಕೈಗೆ ಡಂಪರ್ ಸಿಗಲಿಲ್ಲ. ಆದರೂ ಬೆಳಿಗ್ಗೆ ಎದ್ದು ನನ್ನ ಕಾರು, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಮಗಳ ಲ್ಯಾಪ್‌ಟಾಪ್ ಎಲ್ಲದಕ್ಕೂ ಕುಂಕುಮ ಇಟ್ಟ. ನಾನು ಕುಂಕುಮ ಇಟ್ಟ ಕಾರಿನಲ್ಲಿ ಆಫೀಸಿಗೆ ಹೋದೆ. ಸೆಕ್ಯುರಿಟಿಯವನು ಆಕ್ಸಿಡೆಂಟ್ ಆಯ್ತಾ ಎಂದು ಕೇಳಿದ.

ಸಂಜೆ ಬಂದು ಗ್ಯಾರೇಜಿನ ಬಾಗಿಲು ಎತ್ತಿದೆ. ಚಿತ್ರದ ಮೇಲಂಚಿಗೆ ಚಂಡುಹೂ ಸಿಕ್ಕಿಸಿತ್ತು. ಕೆಳಗೆ ನೆಲದ ಮೇಲೆ ಎರಡು ನಿಂಬೆಹಣ್ಣು, ಊದಿನಕಡ್ಡಿ. ಮತ್ತೆ ನನ್ನ ಡಂಪರಿನ ಗಾಜಿನ ನಡುಮಧ್ಯೆ, ಅಲಾಸ್ಕಾದ ಹಿಮದಲ್ಲಿ, ಕೆಂಪಗೆ ಕುಂಕುಮ. ನಾನು ಬುಧವಾರವಷ್ಟೇ ಆ ಗಾಜಿಗೆ ಇನ್ನೊಂದು ಸಲ ಕಪ್ಪು ಹಚ್ಚಿದ್ದೆ, ಶನಿವಾರಕ್ಕೆ ಒಣಗುತ್ತದೆಂದು. ಒಣಗಿರಲಿಲ್ಲ. ಕುಂಕುಮ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಹತ್ತಿಯಿಂದ ಒತ್ತಿದೆ, ಇನ್ನಷ್ಟು ಹರಡಿತು.

ನನ್ನ ಸಿಟ್ಟು ಹೇಗೆಂದರೆ, ಬರುವಾಗ ಹೇಳಿ ಬರುವುದಿಲ್ಲ. "ಅಪ್ಪಾ!" ಎಂದು ಕೂಗಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಅಪ್ಪ ಹೊರಗೆ ಬಂದ.

"ಏನ್ ಮಾಡೀಯಪ್ಪಾ ಇದು? ನಾಳೆ ಕೊಡಬೇಕು ಇದನ್ನ! ಒಂದೂವರಿ ವರ್ಷ ಬರದೀನಿ! ಮಣ್ಣು ಹೊತ್ತು ಹೊತ್ತು ನಿನಗ ಗಾಡಿಗೂ ಚಿತ್ರಕ್ಕೂ ವ್ಯತ್ಯಾಸ ತಿಳೀದಂಗ ಆಗೇತಿ!"

ಈ ಮಾತು ನಾನು ಆಡಿದ್ದೇ. ಆ ಮಣ್ಣಿನ ಸಂಬಳದಲ್ಲಿ ಇಂಜಿನಿಯರಿಂಗ್ ಓದಿದವಳು.

"ಪೂಜಿ ಮಾಡಿದೆ," ಅಂದ ಅಪ್ಪ. "ಒಡ್ಡಂತೂ ಹಾಕಲಿಲ್ಲ ನೀ. ಆ ಗಾಡಿ ಬೀಳತೈತವ್ವ."

"ಬಿದ್ರ ಬೀಳ್ಲಿ! ಹಾಳಾಗಿ ಹೋಗ್ಲಿ!"

ಅಪ್ಪ ಎರಡೂ ಕೈ ಅಡ್ಡ ಹಿಡಿದ. "ಬಿಡ್ತು ಅನ್ನು," ಅಂದ.

ಅಶುಭ ಮಾತು ಬಾಯಿಂದ ಬಿದ್ದರೆ ಕೂಡಲೇ ಬಿಡ್ತು ಅನ್ನಬೇಕು. ಅಂದರೆ ಆ ಮಾತು ಫಲಿಸುವುದಿಲ್ಲ. ಇದನ್ನು ನಾನು ನಡೆಯುವ ಮೊದಲೇ ಕಲಿತಿರಬೇಕು. ಚಿಕ್ಕಂದಿನಲ್ಲಿ ದಿನಕ್ಕೆ ಹತ್ತು ಸಲ ಅಂದಿದ್ದೇನೆ. "ಇವತ್ತು ಆಯುಧಪೂಜಿ. ಬಿಡ್ತು ಅನ್ನವ್ವ," ಅಪ್ಪ ಮತ್ತೆ ಅಂದ, ಈ ಸಲ ಬೇಡಿಕೊಳ್ಳುವ ಹಾಗೆ.

"ಅನ್ನಂಗಿಲ್ಲ," ಅಂದು ಒಳಗೆ ಹೋದೆ. ಊಟಕ್ಕೆ ಅಪ್ಪ ಹೋಳಿಗೆ ಮಾಡಿದ್ದ, ತಾನೇ. ನಾನು ತುಪ್ಪ ಹಾಕಿಕೊಳ್ಳದೆ ತಿಂದೆ. ಮಗಳು ನಮ್ಮಿಬ್ಬರನ್ನೂ ನೋಡಿ ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು. ಹೇಗೂ ನಾನೇ ಆ ಕಡೆ ಬರುತ್ತೇನೆಂದು ಗಂಡ ಆ ವಾರ ಪೊವೇಯಲ್ಲೇ ಉಳಿದಿದ್ದ.

ಬೆಳಿಗ್ಗೆ ಬೇಗ ಹೊರಟೆ. ಗಾಜಿನ ಮೇಲಿನ ಕಲೆ ಹೆಬ್ಬೆರಳಿನ ಉಗುರಿನಷ್ಟು. ಬೇಗ ಒಣಗುವ ಬಣ್ಣ ಒಂಚೂರು ಮೇಲೆ ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹತ್ತು ನಿಮಿಷದ ಕೆಲಸ, ದಾರಿಯಲ್ಲಿ ಬೆಳಕು ಬಂದ ಮೇಲೆ ಮಾಡಿದರಾಯಿತು ಎಂದು ಬಣ್ಣದ ಪೆಟ್ಟಿಗೆ, ಬ್ರಷ್ಷಿನ ಡಬ್ಬಿ ಕಾರಿಗೆ ಹಾಕಿದೆ. ಚಿತ್ರವನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದೆ. ಹಿಂತಿರುಗಿ ನೋಡಿದರೆ ಅಪ್ಪ ಆಗಲೇ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದ. ಬಾ ಅಂದಿರಲಿಲ್ಲ, ಬೇಡ ಅನ್ನಲೂ ಇಲ್ಲ. ಸ್ಯಾನ್ ಡಿಯಾಗೋಗೆ ಟ್ರಾಫಿಕ್ ಇಲ್ಲದಿದ್ದರೆ ಎರಡೂವರೆ ಗಂಟೆ. ಟ್ರಾಫಿಕ್ ಇಲ್ಲದ ದಿನವನ್ನು ನಾನಂತೂ ನೋಡಿಲ್ಲ.

ಲಾಸ್ ಏಂಜಲೀಸ್ ದಾಟುವಾಗ ಅಪ್ಪ ಪಕ್ಕದ ಲಾರಿಗಳ ಟೈರು ಎಣಿಸುತ್ತಿದ್ದ. ಅರ್ವೈನ್ ದಾಟಿದೆವು. ಪಕ್ಕದಲ್ಲಿ ಸಮುದ್ರ ಕಾಣಲು ಶುರುವಾದಾಗ ಅಪ್ಪ, "ಒಂದಕ್ಕ ಹೋಗಬೇಕು," ಅಂದ. ಫ್ರೀವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ.

ಅವನು ಬರುವಷ್ಟರಲ್ಲಿ ಚಿತ್ರವನ್ನು ಕಲ್ಲಿನ ಮೇಜಿನ ಮೇಲೆ ಒರಗಿಸಿ ಡಬ್ಬಿಯಿಂದ ಬ್ರಷ್ ತೆಗೆಯುತ್ತಿದ್ದೆ. ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದವನು ಡಬ್ಬಿ ನೋಡಿ ನಿಂತ. ಮುಚ್ಚಳದ ಮೇಲೆ ಕೊರೆಸಿದ ಅಕ್ಷರ ಅರ್ಧ ಸವೆದಿದೆ: ಎರಡನೇ ಬಹುಮಾನ.

"ಇದನ್ನ ಇನ್ನೂ ಇಟಗೊಂಡೀಯೇನು?"

"ಹೂಂ."

"ಅವತ್ತು ನಾ ಬಂದಿದ್ದೆ," ಅಂದ. "ಹೊಸಪ್ಯಾಟಿಗೆ."

ನನಗೆ ನೆನಪಿತ್ತು. ಅಪ್ಪ ನನ್ನ ಶಾಲೆಯ ಕಾರ್ಯಕ್ರಮಕ್ಕೆ ಬಂದದ್ದು ಆ ಒಂದೇ ಸಲ. ಒಗೆದ ಬಿಳಿ ಶರ್ಟ್ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತು, ನನ್ನ ಹೆಸರು ಕರೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು ಮಾಸ್ತರರ ಕೈಲಿ ಬೈಸಿಕೊಂಡಿದ್ದ. ವಾಪಸ್ ಬಂದಾಗ ಕ್ವಾರ್ಟರ್ಸಿನ ಗೇಟಿನ ಹತ್ತಿರ ಬಹಳ ಜನ ಸೇರಿದ್ದರು. ನಾನು ಡಬ್ಬಿ ಎತ್ತಿ ಎಲ್ಲರಿಗೂ ತೋರಿಸುತ್ತಾ ಓಡಾಡಿದೆ. ಯಾರೂ ನೋಡಲಿಲ್ಲ, ನನಗೆ ಬೇಜಾರಾಗಿತ್ತು.

"ಅವತ್ತು ನಂದು ಮೊದಲ್ನೇ ಶಿಫ್ಟ್," ಅಂದ ಅಪ್ಪ. "ನೀ ಬಾ ಬಾ ಅಂತ ಅತ್ತೀದಿ. ಅಂವಗ ಕೇಳಿದೆ, ಶಿಫ್ಟ್ ಬದಲಿ ಮಾಡಕೊ ಅಂತ. ಹೋಗೋ ಮಾರಾಯ, ಮಗಳ ಚಿತ್ರ ನೋಡಿ ಬಾ, ನಿನ್ ಗಾಡಿ ನಾ ಓಡಸ್ತೀನಿ ಅಂದ. ಹಿಂದಿನ ದಿನ ಮಳಿ ಬಂದಿತ್ತು. ತಿರುವಿನಾಗ ಒಡ್ಡು ಕೊಚ್ಚಿಕೊಂಡು ಹೋಗಿತ್ತು. ನನಗ ಗೊತ್ತಿತ್ತು. ಸೂಪರ್‌ವೈಸರಗ ಹೇಳಿದ್ದೆ, ಹಾಕಸ್ತೀನಿ ಅಂದಿದ್ದ. ಅಂವಗ ಹೇಳಾಕ ಮರತೆ. ಬಸ್ಸಿಗೆ ಹೊತ್ತಾಗಿತ್ತು, ಮರತೆ."

"ಯಾರಿಗಪ್ಪಾ?" ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಗಿತ್ತು.

"ನಿಮ್ ಟವೆಲ್ ಮಾಮಗ."

ನಲವತ್ತೆರಡು ವರ್ಷ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳಲು ಅವ್ವ ಇಲ್ಲ. ಆ ದಿನದ ನಂತರ ಅಪ್ಪ ನನ್ನ ಯಾವ ಚಿತ್ರವನ್ನೂ ನೋಡಲಿಲ್ಲ, ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಎರಡನೇ ಬಹುಮಾನ ಸಾಲಲಿಲ್ಲವೇನೋ ಎಂದು ನಾನು ಅಂದುಕೊಂಡೇ ಬೆಳೆದೆ. ಆ ಹಠಕ್ಕೇ ಇಂಜಿನಿಯರಿಂಗಿನಲ್ಲಿ ರ್‍ಯಾಂಕ್ ಬಂದೆ ಬೇಕಾದರೆ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕಾಫಿ ಹಿಡಿದು ಅಪ್ಪ ನನ್ನ ಚಿತ್ರ ನೋಡುತ್ತಿರಲಿಲ್ಲ. ಬೀಳಲಿದ್ದ ಗಾಡಿಯನ್ನು ಕಾಯುತ್ತಿದ್ದ.

ನಾನು ಅತ್ತೆ. ರೆಸ್ಟ್ ಏರಿಯಾದಲ್ಲಿ, ನಾಯಿ ವಾಕಿಂಗ್ ಮಾಡಿಸುವವರ ಎದುರಿಗೆ, ಗಟ್ಟಿಯಾಗಿ. ಒಬ್ಬಾಕೆ ಬಂದು ನೀರಿನ ಬಾಟಲಿ ಕೊಟ್ಟು ಹೋದಳು.

ಆಮೇಲೆ ಮೂಗು ಒರೆಸಿಕೊಂಡು ಬೇಗ ಒಣಗುವ ಬಣ್ಣವನ್ನು ಪೆಟ್ಟಿಗೆಗೆ ವಾಪಸ್ ಹಾಕಿದೆ. ಅದರಲ್ಲಿ ಒಡ್ಡು ಏಳುವುದಿಲ್ಲ. ಎಣ್ಣೆ ಬಣ್ಣ ತೆಗೆದೆ. ಒಡ್ಡಿಗೆ ದಪ್ಪ ಬಣ್ಣ ಬೇಕು, ದಪ್ಪ ಎಣ್ಣೆ ಬಣ್ಣ ಒಣಗಲು ತಿಂಗಳು ಬೇಕು. ಫಾರ್ಮಿನ ದಪ್ಪ ಅಕ್ಷರ ಎರಡೂ ನನ್ನ ಕಣ್ಣ ಮುಂದಿದ್ದವು. ಗಡಿಯಾರ ನೋಡಿದೆ, ಹತ್ತೂವರೆ. ಬಣ್ಣ ಮೆತ್ತುವ ಚಾಕುವಿನಂಥ ಅಲಗಿನ ತುದಿಗೆ ಬೂದು, ಕಂದು ಎರಡೂ ಕಲಸಿಕೊಂಡು, "ಎಷ್ಟು ಎತ್ತರ ಇರಬೇಕಪ್ಪಾ?" ಅಂದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. "ಟೈರಿನ ಅರ್ಧಕ್ಕ ಬರಬೇಕು. ಅದಕ್ಕಿಂತ ಕಮ್ಮಿ ಇದ್ರ ಹತ್ತಿ ಇಳೀತೈತಿ. ಇಲ್ಲಿ ಸಣ್ಣ ಆತು ನೋಡು. ಹಾಕು, ಇನ್ನೂ ಹಾಕು. ಜಿಪುಣತನ ಮಾಡಬ್ಯಾಡ, ಮಣ್ಣಿಗೇನು ಬರ? ತಿರುವಿನಾಗ ಡಬಲ್."

ಒಂದು ಗಂಟೆ ಮೇಲ್ವಿಚಾರಕನ ಹಾಗೆ ನಿಂತು ಕೆಲಸ ಮಾಡಿಸಿದ. ಮೇಲಿಂದ ಕೆಳಗಿನವರೆಗೆ, ನನ್ನ ಬೆಳ್ಳನೆಯ ಹಿಮವನ್ನೆಲ್ಲ ಕೆಡಿಸಿಕೊಂಡು, ಕೊಳಕು ಒಡ್ಡು ಎದ್ದಿತು. ಕೊನೆಗೆ ಉಳಿದದ್ದು ಗಾಜಿನ ಮೇಲಿನ ಕುಂಕುಮ. ಅಪ್ಪ ಅದರತ್ತ ಬೆರಳು ತೋರಿಸಿ, "ಅದನ್ನ ಅಳಸಬ್ಯಾಡ," ಅಂದ. "ಕೆಳಗ ಒಂದು ಮುಖ ಇಡು."

ಸಣ್ಣ ಬ್ರಷ್ಷಿನಿಂದ ಕೆಂಪಿನ ಕೆಳಗೆ ಕಂದು ಬಣ್ಣದ ಒಂದು ಚುಕ್ಕಿ ಇಟ್ಟೆ. ಈಗ ಅಲಾಸ್ಕಾದ ಡಂಪರಿನೊಳಗೆ ಕೆಂಪು ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಕೂತಿದ್ದ. ಅಪ್ಪ ಕನ್ನಡಕ ತೆಗೆದ. ಮೂಗು ಸೀನಿ, "ಹೊತ್ತಾತು, ನಡಿ," ಅಂದ.

ಟ್ರಾಫಿಕ್ಕಿನಲ್ಲಿ ತೆವಳಿ ಗ್ಯಾಲರಿಗೆ ಮುಟ್ಟಿದಾಗ ಒಂದೂವರೆ. ಅಪ್ಪನನ್ನು ಕಾರಿನಲ್ಲಿ ಬಿಟ್ಟು ಚಿತ್ರ ಎತ್ತಿಕೊಂಡು ಒಳಗೆ ಹೋದೆ. ಕೌಂಟರಿನ ಹೆಂಗಸು ಒಳ್ಳೆಯವಳು. ಚಿತ್ರವನ್ನು ನೋಡಿದಳು, ತನ್ನ ಟ್ಯಾಬ್ಲೆಟ್ಟಿನಲ್ಲಿದ್ದ ಫೋಟೋ ನೋಡಿದಳು, ಒಡ್ಡಿನ ಅಂಚಿಗೆ ಬೆರಳು ತಾಗಿಸಿದಳು, ಬೆರಳು ಬೂದಾಯಿತು. ನಾಲ್ಕು ಸಲ ಸಾರಿ ಅಂದಳು. ಇದು ಬೇರೆ ಚಿತ್ರ, ಮೇಲಾಗಿ ಹಸಿ. ಪಕ್ಕದ ಚಿತ್ರಗಳಿಗೆ ತಾಗಿದರೆ ಕಷ್ಟ. ನಿಯಮ ತಾನು ಮಾಡಿದ್ದಲ್ಲ. ನನಗೆ ಗೊತ್ತು ಅಂದೆ. ಗೊತ್ತಿದ್ದೂ ಯಾಕೆ ತಂದಿರಿ ಎಂದು ಆಕೆ ಕೇಳಲಿಲ್ಲ. ಗೋಡೆಯ ಮೇಲೆ ನನ್ನ ಚಿತ್ರದ ಜಾಗದಲ್ಲಿ ಆಗಲೇ ಹೆಸರಿನ ಚೀಟಿ ಅಂಟಿಸಿದ್ದರು. ನನ್ನ ಹೆಸರನ್ನು ಒಂದಕ್ಷರವೂ ತಪ್ಪಿಲ್ಲದೆ ಬರೆದಿದ್ದರು, ಈ ದೇಶದಲ್ಲಿ ಅದೂ ಮೊದಲ ಸಲವೇ. ಆ ಚೀಟಿಯದೊಂದು ಫೋಟೋ ತೆಗೆದುಕೊಂಡೆ.

ಚಿತ್ರ ಎತ್ತಿಕೊಂಡು ವಾಪಸ್ ಬಂದದ್ದು ನೋಡಿ ಅಪ್ಪ ಕಾರಿನಿಂದ ಇಳಿದ. "ಯಾಕ?"

"ಒಡ್ಡು ಹಾಕಿದ ಚಿತ್ರ ಅವರಿಗೆ ಬ್ಯಾಡಂತ."

"ಹುಚ್ಚರದಾರೇನು! ಸೇಫ್ಟಿ ಅಂದ್ರ ಏನಂತ ಗೊತ್ತಿಲ್ಲ ಇವರಿಗೆ." ಒಳಗೆ ಹೋಗಿ ಮಾತಾಡಲು ಎರಡು ಹೆಜ್ಜೆ ಹಾಕಿಯೂ ಬಿಟ್ಟ. ಆಮೇಲೆ ನಿಂತು ನನ್ನ ಕಡೆ ತಿರುಗಿದ. "ನಿನಗ ಮೊದಲ ಗೊತ್ತಿತ್ತೇನು?"

"ಹತ್ತಪ್ಪಾ ಕಾರು. ಪೊವೇಗೆ ಹೋಗಿ ಅಳಿಯನ ಕೈಲಿ ಉಪ್ಪಿಟ್ಟು ಮಾಡಿಸಿಕೊಂಡು ತಿನ್ನೋಣ."

"ಗೊತ್ತಿತ್ತೇನಂತ ಕೇಳಿದೆ."

"ಗೊತ್ತಿತ್ತು."

ಅಪ್ಪ ಹತ್ತಿದ. ಬೆಲ್ಟ್ ಹಾಕಿಕೊಳ್ಳಲು ಎರಡು ಸಲ ತಡಕಾಡಿದ, ನಾನು ಹಾಕಿದೆ. ಚಿತ್ರ ಹಿಂದಿನ ಸೀಟಿನಲ್ಲಿತ್ತು. ಬಣ್ಣ ಹಸಿ ಇದ್ದುದರಿಂದ ಸೀರೆ ಮುಚ್ಚಿರಲಿಲ್ಲ. ಮೊದಲ ಸಿಗ್ನಲ್ಲಿಗೇ ಕೆಂಪು ಬಿತ್ತು.

"ಬಿಡ್ತು," ಅಂದೆ.

"ಏನು?"

"ನಿನ್ನೆ ಅಂದಿದ್ದಕ್ಕ. ಬಿಡ್ತು, ಬಿಡ್ತು."

ಅಪ್ಪ ಸೀಟಿನಲ್ಲಿ ತಿರುಗಿ ಹಿಂದೆ ನೋಡಿದ. ರಸ್ತೆಯನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ಕಣ್ಣಿನಲ್ಲೇ ಇಳಿದು ಬಂದ.

"ಈಗ ಬೀಳಂಗಿಲ್ಲ ಬಿಡು ಅಂವ," ಅಂದ. ಸಿಗ್ನಲ್ ಹಸಿರಾಯಿತು, ನಾನು ಗಾಡಿ ಬಿಟ್ಟೆ.